ಅರಳ್ಯಾನ ತುಪ್ಪಟ

ನನ್ನ ಕೈಯ ನೂಲಿನ ಬಗ್ಗೆ ತುರ್ವಿಹಾಳದಿಂದ ಬಳಗಾನೂರಿನವರೆಗೆ ಯಾರನ್ನು ಬೇಕಾದರೂ ಕೇಳಿ. ಆದೆಮ್ಮ ನೂತ ದಾರದಲ್ಲಿ ಗಂಟು ಹುಡುಕಬೇಕಾದರೆ ಕನ್ನಡಕ ಹಾಕಿಕೊಂಡು ಕೂಡಬೇಕು ಎನ್ನುತ್ತಿದ್ದರು. ಅವರು ಅನ್ನುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ, ಒಂದು ಸಲವಾದರೂ ಹಾಗೇನಿಲ್ಲ ಬಿಡಿ ಎಂದವಳಲ್ಲ. ಆ ಜಂಬಕ್ಕೆ ದಂಡ ತೆತ್ತದ್ದು ನಾನಲ್ಲ, ಒಂದು ನಾಯಿ. ಇದನ್ನು ಹೇಳಲು ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ನೋಡಿ ಆಗಿದೆ.

ನಮ್ಮದು ತುರ್ವಿಹಾಳದ ಹೊರಗೆ ಕುರುಬರ ಹಟ್ಟಿ. ನನ್ನ ಗಂಡ ಗ್ಯಾನಪ್ಪ ಕಂಬಳಿ ನೇಯುತ್ತಾನೆ, ನಾನು ನೂಲುತ್ತೇನೆ. ಗಂಡನ ಹೆಸರು ಬಾಯಲ್ಲಿ ತರಬಾರದೆನ್ನುತ್ತಾರೆ. ಇಷ್ಟೆಲ್ಲ ಹೇಳಲು ಹೊರಟವಳಿಗೆ ಅದೇನು ದೊಡ್ಡದು. ನಮಗೆ ಮಕ್ಕಳಿಲ್ಲ. ಕಾಲುವೆಗೆ ನೀರು ಬಿಟ್ಟ ಮೇಲೆ ಕುರಿ ಮೇಯುತ್ತಿದ್ದ ಬೀಳು ಹೊಲಗಳೆಲ್ಲ ಒಂದೊಂದಾಗಿ ಭತ್ತದ ಗದ್ದೆಗಳಾದವು. ನೂರಿಪ್ಪತ್ತು ಕುರಿಗಳಿದ್ದ ನಮ್ಮ ಹಿಂಡು ಮೂವತ್ತಕ್ಕೆ ಇಳಿಯಿತು. ರೊಟ್ಟಿ ತಿನ್ನುತ್ತಿದ್ದವರು ಎರಡು ಹೊತ್ತು ಅನ್ನ ಉಣ್ಣುವುದನ್ನು ಕಲಿತೆವು, ಉಣ್ಣೆಯ ಮೂಟೆಗಳು ಮಾತ್ರ ವರ್ಷ ವರ್ಷಕ್ಕೆ ಸಣ್ಣವಾದವು.

ಕಾಲುವೆಯ ಕೆಲಸದವರ ಕ್ಯಾಂಪು ನಮ್ಮ ಹಟ್ಟಿಗೆ ಕೂಗಳತೆಯಲ್ಲಿತ್ತು. ಕೆಲಸ ಮುಗಿದು ಕ್ಯಾಂಪು ಎತ್ತಿದ ದಿನ ಎಲ್ಲವೂ ಲಾರಿ ಹತ್ತಿದವು. ತಗಡು ಹತ್ತಿತು, ಬಾಗಿಲು ಹತ್ತಿತು, ಸಾಹೇಬರ ಹೆಂಡತಿಯ ಗುಲಾಬಿ ಕುಂಡಗಳೂ ಹತ್ತಿದವು. ಅವರ ನಾಯಿ ಮಾತ್ರ ಹತ್ತಲಿಲ್ಲ. ನಲ್ಲಿಯ ಕಂಬಕ್ಕೆ ಕಟ್ಟಿದ್ದನ್ನು ಕಟ್ಟಿದಂತೆಯೇ ಬಿಟ್ಟು ಹೋಗಿದ್ದರು. ಮೂರು ದಿನ ಅದರ ಊಳು ಕೇಳಿ ನಾಲ್ಕನೆಯ ದಿನ ನನ್ನ ಗಂಡ ಬಿಚ್ಚಿಕೊಂಡು ಬಂದ. ಮೈತುಂಬ ಗೇಣುದ್ದ ಬಿಳಿ ಕೂದಲು, ಕರಿ ಮೂಗು, ಮುಖದಲ್ಲಿ ದೊಡ್ಡ ಮನೆತನದ ಬೇಸರ. ಅರಳೆಯಂತೆ ಬೆಳ್ಳಗಿದ್ದುದಕ್ಕೆ ಅರಳ್ಯಾ ಎಂದು ಕರೆದೆವು.

“ಸಾಕಿದ ಪ್ರಾಣೀನ ಹಿಂಗ ಬಿಟ್ಟು ಹೋಗತಾರಂದರ ಇವರೇನು ಮನಿಷ್ಯಾರೇನ್ರಿ? ಇವರ ಎದ್ಯಾಗ ಕಲ್ಲೈತಿ” ಎಂದು ನಾನು ಹಟ್ಟಿಗೆಲ್ಲ ಕೇಳುವಂತೆ ಬೈದೆ. ಆ ಮಾತು ನನಗೆ ಚೆನ್ನಾಗಿ ನೆನಪಿದೆ.

ಹಿಂಡು ಕಾಯಲಿ ಎಂದು ತಂದ ನಾಯಿ ಹಿಂಡಿನ ಕಡೆ ತಿರುಗಿಯೂ ನೋಡಲಿಲ್ಲ. ತಂಪು ಸಿಗುತ್ತದೆಂದು, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ ಹೋಗಿ ಮಲಗುತ್ತಿತ್ತು. ಅದೂ ಹೋಗಲಿ ಎಂದರೆ ಶಿವರಾತ್ರಿ ಕಳೆದು ಬಿಸಿಲು ಏರುತ್ತಲೇ ಅದರ ಕೂದಲು ಉದುರತೊಡಗಿತು. ಉದುರುವುದೆಂದರೆ ನಾಲ್ಕು ಎಳೆಯಲ್ಲ, ಹಿಡಿ ಹಿಡಿ. ರೊಟ್ಟಿಯ ಹಿಟ್ಟಿನಲ್ಲಿ ಕೂದಲು, ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯಲ್ಲಿ ಕೂದಲು, ಗಂಡನ ಮೀಸೆಯಲ್ಲಿ ಬಿಳಿ ಕೂದಲು. “ಇಷ್ಟು ಲಗೂ ಮುದುಕ ಆದ್ರೇನ್ರಿ” ಎಂದು ನಾನು ಅವನನ್ನು ಕಾಡುತ್ತಿದ್ದೆ.

ನಗುತ್ತಿದ್ದರೂ ಒಳಗೆ ಇಬ್ಬರಿಗೂ ಹೆದರಿಕೆಯಿತ್ತು. ನಾವು ಬಲ್ಲದ್ದು ಕುರಿ. ಕುರಿಯ ತುಪ್ಪಟ ತಾನಾಗಿ ತೇಪೆ ತೇಪೆಯಾಗಿ ಬಿದ್ದರೆ ಅದು ಕಜ್ಜಿ, ಒಂದಕ್ಕೆ ಬಂದರೆ ಹಿಂಡಿಗೆಲ್ಲ ಬರುತ್ತದೆ. ನಾಯಿಗೂ ಹಾಗೆಯೇ ಎಂದುಕೊಂಡು ಅರಳ್ಯಾನ ಮೈತುಂಬ ಬೇವಿನೆಣ್ಣೆ ಬಳಿದೆವು. ಎಣ್ಣೆಗೆ ಮಣ್ಣು ಹತ್ತಿ ಅರಳೆಯಂಥ ನಾಯಿ ಒದ್ದೆ ಗೋಣಿಚೀಲದಂತಾಯಿತು, ಕೂದಲು ಉದುರುವುದೇನೂ ನಿಲ್ಲಲಿಲ್ಲ. ನನ್ನ ಗಂಡ ಕುರಿ ಕತ್ತರಿಸುವ ಕತ್ತರಿ ಮಸೆದು ತಂದು ನಾಯಿಯನ್ನು ಮಲಗಿಸಿ ಮೊಣಕಾಲಲ್ಲಿ ಒತ್ತಿ ಹಿಡಿದ. ಆ ಹೊತ್ತಿಗೆ ಸರಿಯಾಗಿ ಖಾದರಬಾಷಾ ಬಂದದ್ದು ನಾಯಿಯ ಪುಣ್ಯ. ಕ್ಯಾಂಪಿನಲ್ಲಿ ಸಾಹೇಬರ ಮನೆಯ ಅಡುಗೆ ಮಾಡಿಕೊಂಡಿದ್ದವನು ಅವನು, ಕ್ಯಾಂಪು ಹೋದ ಮೇಲೆ ತುರ್ವಿಹಾಳದಲ್ಲಿ ಚಹಾದಂಗಡಿ ಇಟ್ಟಿದ್ದ.

“ಅಯ್ಯೋ ಬಿಡೋ ಮಾರಾಯ, ಕತ್ತರಿಸಬ್ಯಾಡ!” ಎಂದು ಕೂಗುತ್ತಲೇ ಬಂದ. “ಇದು ಸೀಕಲ್ಲ ಅಕ್ಕಾ. ಥಂಡಿ ಮುಲ್ಕಿನ ನಾಯಿ. ವರ್ಷಕ್ಕ ಎರಡು ಸಲ ಒಳಗಿನ ತುಪ್ಪಟ ಬಿಚ್ಚಿ ಒಗೀತೈತಿ, ಮತ್ತ ಹೊಸಾದು ಬರತೈತಿ. ಮ್ಯಾಲಿನ ಉದ್ದ ಕೂದಲು ಐತಲ್ಲ, ಅದು ಬಿಸಲಿಗೆ ಛತ್ರಿ ಇದ್ದಂಗ. ಅದನ್ನ ಕತ್ತರಿಸಿದರ ಚರ್ಮ ಸುಡತೈತಿ. ಮೇಮ್‌ಸಾಬ್ ದಿನಾ ಮುಂಜಾನಿ ಬಾಚ್ತಿದ್ಲು. ನೀನೂ ಬಾಚು.”

ನಾನು ಉಣ್ಣೆ ಬಾಚುವ ಹಣಿಗೆ ತಂದೆ. ಮೊದಲ ದಿನ ಅರಳ್ಯಾ ಹಲ್ಲು ತೋರಿಸಿತು. ಎರಡನೆಯ ದಿನ ಸುಮ್ಮನೆ ನಿಂತಿತು. ಮೂರನೆಯ ದಿನ ನಾನು ಬೇವಿನ ಗಿಡದ ಕೆಳಗೆ ಕೂತು ಹಣಿಗೆ ತೋರಿಸಿದ್ದೇ ತಡ, ಮಗ್ಗದ ಕುಣಿಯಿಂದ ಎದ್ದು ಬಂದು ನನ್ನ ಮೊಣಕಾಲಿಗೆ ಬೆನ್ನು ಕೊಟ್ಟು ಕೂತಿತು. ಬಾಚುವಾಗ ಕಣ್ಣು ಮುಚ್ಚಿಕೊಂಡು ಗಂಟಲಲ್ಲಿ ಏನೋ ಗುನುಗುತ್ತಿತ್ತು. ನಾನೂ ಅದಕ್ಕೆ ಮನೆಯ ಸುದ್ದಿಯೆಲ್ಲ ಹೇಳುತ್ತಿದ್ದೆ. ನೆಗೆಣ್ಣಿಯರ ಮೇಲಿನ ಸಿಟ್ಟನ್ನೆಲ್ಲ ಬೇರೆ ಯಾರು ಅಷ್ಟು ತಾಳ್ಮೆಯಿಂದ ಕೇಳಿಯಾರು? ದಿನಕ್ಕೊಂದು ಬುಟ್ಟಿ ತುಪ್ಪಟ ಬರುತ್ತಿತ್ತು. ಮೊದಮೊದಲು ತಿಪ್ಪೆಗೆ ಹಾಕುತ್ತಿದ್ದೆ, ಗುಬ್ಬಿಗಳು ಗೂಡಿಗೆ ಒಯ್ಯುತ್ತಿದ್ದವು. ಆಮೇಲೆ ಅದರ ನುಣುಪು ಕೈಗೆ ಹತ್ತಿತು. ನೂಲುವವಳಿಗೆ ಅಂಥದ್ದನ್ನು ಎಸೆಯಲು ಮನಸ್ಸು ಬರುವುದಿಲ್ಲ. ಅಂಟುವಾಳದ ನೀರಿನಲ್ಲಿ ತೊಳೆದು ಒಣಗಿಸಿ, ಚೀಲಕ್ಕೆ ತುಂಬಿ ಜಂತಿಗೆ ಕಟ್ಟಿದೆ. ಏನು ಮಾಡಬೇಕೆಂದು ಕೇಳಿದ್ದರೆ ನನಗೇ ಗೊತ್ತಿರಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು.

ಬಳಗಾನೂರಿನಲ್ಲಿರುವ ನನ್ನ ತಮ್ಮ ಯಮನೂರಪ್ಪನ ಮಗಳು ಬಸ್ಸಮ್ಮನಿಗೆ ಮಸ್ಕಿಯ ಸಮೀಪದ ಸಂಬಂಧ ಕೂಡಿಬಂತು. ನಮ್ಮ ಮನೆತನದಲ್ಲಿ ಮದುವೆಯ ಕಂಬಳಿಯ ನೂಲನ್ನು ಸೋದರತ್ತೆಯೇ ನೂಲಬೇಕು. ಅದರ ಮೇಲೆ ಮದುಮಕ್ಕಳು ಕೂಡುತ್ತಾರೆ, ಹಿರಿಯರು ಮುಟ್ಟಿ ಹರಸುತ್ತಾರೆ. ಮೈಯೆಲ್ಲ ಕರಿ, ಎರಡು ತುದಿಗೂ ಬಿಳಿ ಅಂಚು. ಅಂಚಿನ ಉಣ್ಣೆ ಮನೆಯ ಕುರಿಯದೇ ಆಗಿದ್ದರೆ ಆ ಮನೆಗೆ ಮರ್ಯಾದೆ.

ವೀಳ್ಯಶಾಸ್ತ್ರದ ದಿನ ಹುಡುಗನ ಅಜ್ಜಿ ತಿಮ್ಮವ್ವ ಬಂದಿದ್ದಳು. ಆಕೆಯೂ ನೂಲಿನವಳು, ಮಸ್ಕಿಯ ಕಡೆ ದೊಡ್ಡ ಹೆಸರು. ಎಲ್ಲರ ನಡುವೆ ನನ್ನನ್ನು ಕರೆದು ಮೆತ್ತಗೆ ಹೇಳಿದಳು: “ಆದೆಮ್ಮಾ, ಈಗ ನೀವು ಕಾಲುವಿ ಮಂದಿ ಆಗೀರಿ. ಬಿಳಿ ಉಣ್ಣಿ ಎಲ್ಲಿಂದ ತರತಿ? ಲಿಂಗಸೂಗೂರು ಸಂತ್ಯಾಗ ಚಲೋ ನೂಲು ಸಿಗತೈತಿ. ಅದನ್ನ ತಂದು ಅಂಚು ಹಾಕು. ನಾವೇನೂ ಅನ್ನಂಗಿಲ್ಲ.”

ಈಗ ಯೋಚಿಸಿದರೆ ಆ ತಾಯಿ ನನಗೆ ದಾರಿ ಬಿಟ್ಟುಕೊಟ್ಟಿದ್ದಳು. ನನಗೆ ಅದು ಕೆನ್ನೆಗೆ ಹೊಡೆದಂತೆ ಕೇಳಿಸಿತು.

“ಸಂತಿ ನೂಲು ಮುಟ್ಟಿದರ ಈ ಕೈ ನನ್ನವಲ್ಲ ತಿಮ್ಮವ್ವಾರ” ಎಂದೆ ನಾನು. “ಒಂದೊಂದು ಎಳೀನೂ ನಮ್ಮ ಹಟ್ಟಿ ಕುರೀದ ಇರತೈತಿ. ಬೇಕಾದರ ಎಣಿಸಿ ತೊಗೊಳ್ರಿ.”

ಹಟ್ಟಿಯಲ್ಲಿ ಆಗ ಬಿಳಿ ಕುರಿಗಳಿದ್ದದ್ದೇ ಮೂರು. ಆ ಮಾತಾಡಿ ತಿಂಗಳಾಗುವುದರೊಳಗೆ ಎರಡು ಕಾಲುವೆಯಂಚಿನ ಹಸಿ ಹುಲ್ಲು ಮೇದು ಹೊಟ್ಟೆ ಉಬ್ಬಿ ಸತ್ತವು. ಸತ್ತ ಕುರಿಯ ಉಣ್ಣೆ ಮದುವೆಗೆ ಆಗದು. ಉಳಿದ ಒಂದರ ತುಪ್ಪಟ ನೂತು ಅಳೆದೆ. ಒಂದು ತುದಿಯ ಅಂಚಾಯಿತು, ಇನ್ನೊಂದು ತುದಿಯಲ್ಲಿ ಮೊಳದಷ್ಟು ಕಡಿಮೆ. ಮದುವೆಗೆ ಹತ್ತು ದಿನ. ಲಿಂಗಸೂಗೂರು ಸಂತೆ ಎರಡು ದಿನಕ್ಕಿತ್ತು, ಬಸ್ಸೂ ಇತ್ತು. ನಾನು ಹೋಗಲಿಲ್ಲ. ಸಂತೆಯಲ್ಲಿ ಯಾರಾದರೂ ನನ್ನನ್ನು ಬಿಳಿ ನೂಲಿನ ಮುಂದೆ ಕಂಡುಬಿಟ್ಟರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಗಂಡ ಕುರಿಯ ಹಿಂದೆ ಹೋಗಿದ್ದಾಗ ಜಂತಿಯ ಚೀಲ ಇಳಿಸಿದೆ. ನೂತು ಬಿಟ್ಟಿದ್ದ ಚೂರುಪಾರು ಬಿಳಿ ಉಣ್ಣೆಗೆ ಅರಳ್ಯಾನ ತುಪ್ಪಟ ಬೆರೆಸಿ ರಾಟಿಗೆ ಕೂತೆ. ಬೇರೆ ದಿನ ಬಾಗಿಲು ತೆರೆದಿಟ್ಟು ನೂಲುವವಳು ಅವತ್ತು ಮುಚ್ಚಿಕೊಂಡೆ. ನೂಲೇನೋ ಹಾಲಿನ ಕೆನೆಯಂತೆ ಬಂತು. ಅಷ್ಟು ಚಂದದ ದಾರವನ್ನು ನಾನು ಅದಕ್ಕಿಂತ ಮುಂಚೆ ನೂತಿರಲಿಲ್ಲ ಎಂಬುದೂ ನಿಜ. ಅರಳ್ಯಾ ಪಕ್ಕದಲ್ಲೇ ಮಲಗಿ ರಾಟಿ ತಿರುಗುವುದನ್ನು ನೋಡುತ್ತಿತ್ತು.

ಮಗ್ಗದಲ್ಲಿ ಆ ನೂಲು ಹಿಡಿದ ನನ್ನ ಗಂಡ ಒಂದು ಕ್ಷಣ ನಿಂತ.

“ಇದು ಯಾವ ಕುರೀದು?”

“ಮರೀದ್ರಿ. ಮೊದಲ ತುಪ್ಪಟ” ಎಂದೆ.

ಅವನು ನೂಲನ್ನು ನೋಡಿದ, ನನ್ನನ್ನು ನೋಡಿದ, ಹೂಂ ಎಂದು ಲಾಳಿ ಎಸೆದ.

ಮದುವೆ ಬಳಗಾನೂರಿನಲ್ಲಿ. ಚಪ್ಪರದ ಕೆಳಗೆ ಕಂಬಳಿ ಹಾಸಿದಾಗ ಹೆಂಗಸರೆಲ್ಲ ಅಂಚು ಮುಟ್ಟಿ ಮುಟ್ಟಿ ನೋಡಿದರು. ತಿಮ್ಮವ್ವ ಕೂಡ ಬಗ್ಗಿ ಕೈಯಾಡಿಸಿ, “ಇಂಥಾ ನುಣ್ಣನ್ನ ಉಣ್ಣಿ ನಾ ಮುಟ್ಟಿದ್ದಿಲ್ಲ ಆದೆಮ್ಮಾ. ನನ್ನ ಮಾತು ಹಿಂದಕ್ಕ ತೊಗೊಂಡೆ” ಎಂದಳು. ನಾಚಿಕೆಪಡಬೇಕಾದ ಹೊತ್ತಿನಲ್ಲಿ ನಾನು ಹಿಗ್ಗಿದೆ. ಅವರ ಎದುರಿಗೆ ಸೆರಗು ಸರಿಮಾಡಿಕೊಂಡು ನಿಂತೆ.

ಮದುಮಕ್ಕಳಿಗೆ ಅರಿಸಿನದ ನೀರು ಎರೆಯುವಾಗ ಹುಡುಗಿಯರು ಕುಚೇಷ್ಟೆಗೆ ಬಿದ್ದರು. ಕೊಡದ ನೀರು ಕಂಬಳಿಯ ಮೇಲೆಲ್ಲ ಚೆಲ್ಲಿತು. ನಕ್ಕದ್ದೂ ಆಯಿತು, ಕಂಬಳಿಯನ್ನು ಬಿಸಿಲಿಗೆ ಎಳೆದು ಹಾಕಿದ್ದೂ ಆಯಿತು. ವೈಶಾಖದ ಬಿಸಿಲು. ಸ್ವಲ್ಪ ಹೊತ್ತಿಗೆ ಅಂಚಿನಿಂದ ಒಂದು ವಾಸನೆ ಎದ್ದಿತು. ಮಳೆಯಲ್ಲಿ ತೋಯ್ದು ಬಂದು ಒಲೆಯ ಪಕ್ಕ ಮಲಗಿದ ನಾಯಿಯ ವಾಸನೆ ಯಾರಿಗೆ ಗೊತ್ತಿಲ್ಲ? ಒಬ್ಬಳು ಮೂಗು ಮುಚ್ಚಿದಳು, ಇನ್ನೊಬ್ಬಳು ಅತ್ತಿತ್ತ ನಾಯಿಯನ್ನು ಹುಡುಕಿದಳು. ತಿಮ್ಮವ್ವ ಮೆಲ್ಲಗೆ ಎದ್ದು ಬಂದು ಅಂಚನ್ನು ಮೂಗಿಗೆ ಹಿಡಿದಳು.

“ಕುರಿ ವಾಸ್ನಿ ನನಗ ಗೊತ್ತೈತಿ” ಎಂದಳು. “ಇದು ಕುರಿ ಅಲ್ಲ. ನಾಯಿ.”

ಕುರಿ ಕಾಯುವ ಮನೆಯಲ್ಲಿ ನಾಯಿಯೆಂದರೆ ಹೇಸಿಗೆಯಲ್ಲ, ಅದು ಮನೆಯ ಮಗ. ಆದರೆ ಮದುವೆಯ ಕಂಬಳಿ ಬೇರೆ ಮಾತು. ಮನೆಯ ಕುರಿ ಎಂದು ಹೇಳಿ ನಾಯಿಯ ಕೂದಲಿನ ಮೇಲೆ ಮದುಮಕ್ಕಳನ್ನು ಕೂಡಿಸುವುದೆಂದರೆ ಬೀಗರ ಮುಖಕ್ಕೆ ಉಗುಳಿದಂತೆ. ಎಲ್ಲರೂ ನನ್ನ ಕಡೆ ನೋಡಿದರು. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನೆಲ ಬಾಯಿ ಬಿಡಲಿಲ್ಲ, ನಾನು ಬಿಟ್ಟೆ.

“ನಮ್ಮ ಮನ್ಯಾಗ ಒಂದು ನಾಯಿ ಐತ್ರಿ” ಎಂದೆ. “ಕೂದಲು ಉದರಸತೈತಿ, ಮಗ್ಗದ ಕುಣ್ಯಾಗ ಮಲಗತೈತಿ. ಹಾರಿ ಬಂದು ಹತ್ತಿರಬೇಕು.”

ಎಷ್ಟು ಸಲೀಸಾಗಿ ಬಂತು ಆ ಮಾತು. ಒಂದು ತೊದಲೂ ಇಲ್ಲ. ನೋಟವೆಲ್ಲ ನನ್ನನ್ನು ಬಿಟ್ಟು ನನ್ನ ಗಂಡನ ಮೇಲೆ ಹೋಯಿತು. ನಮ್ಮ ಕಡೆಯ ಹಿರಿಯ ಅಂಬಪ್ಪ ಕೆಂಡವಾದ. “ಏನಲೇ ಗ್ಯಾನ್ಯಾ, ಮಗ್ಗದಾಗ ನಾಯಿ ಮಲಗಸತಿಯೇನಲೇ? ನೇಕಾರ ಅನ್ನಾಕ ನಾಚಿಕಿ ಬರಂಗಿಲ್ಲೇನು?”

ನನ್ನ ಗಂಡ ತಲೆಯ ಪಟಗ ತೆಗೆದ. ತಿಮ್ಮವ್ವನ ಕಾಲ ಮುಂದೆ ಇಟ್ಟು, “ತಪ್ಪಾತು ತಾಯಿ. ಮಗ್ಗ ನಂದು, ತಪ್ಪು ನಂದು” ಎಂದ. ಅವನ ಬೋಳು ನೆತ್ತಿಯನ್ನು ನಾನು ಹತ್ತು ಮಂದಿಯ ನಡುವೆ ನೋಡಿದ್ದು ಅದೇ ಮೊದಲು. ಆಗಲಾದರೂ ಬಾಯಿ ತೆರೆಯಬಹುದಾಗಿತ್ತು. ತೆರೆಯಲಿಲ್ಲ.

“ಆ ನಾಯಿ ಮನಿ ಬಿಡೋತನಕ ನಿಮ್ಮ ಕಂಬಳಿ ಯಾರೂ ಮುಟ್ಟಂಗಿಲ್ಲ” ಎಂದ ಅಂಬಪ್ಪ. ತಿಮ್ಮವ್ವ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪಟಗವನ್ನು ಎತ್ತಿ ನನ್ನ ಗಂಡನ ಕೈಗೆ ಕೊಟ್ಟು, ಕಂಬಳಿ ಮಡಚಿ ಬಗಲಿಗಿಟ್ಟುಕೊಂಡು, “ಆತು, ಮದುವಿ ನಡಸ್ರಿ” ಎಂದಳು.

ಮನೆಗೆ ಬಂದ ಮೇಲೆ ನನ್ನ ಗಂಡ ನಾಯಿಯ ಮಾತೆತ್ತಲಿಲ್ಲ. ಮೂರನೆಯ ದಿನ ನಾನೇ ತುರ್ವಿಹಾಳಕ್ಕೆ ಹೋಗಿ ಗೌಸ್‌ಸಾಬನನ್ನು ಕಂಡೆ. ಅವನ ಲಾರಿ ಭತ್ತ ಹೇರಿಕೊಂಡು ಮಸ್ಕಿಯ ಮೇಲೆ ಲಿಂಗಸೂಗೂರಿಗೆ ಹೋಗುತ್ತಿತ್ತು. “ಲಿಂಗಸೂಗೂರಾಗ ಬಿಟ್ಟುಬಿಡು ಅಣ್ಣಾ, ತಿರುಗಿ ಬರಬಾರದು” ಎಂದೆ.

ಅರಳ್ಯಾ ಲಾರಿ ಹತ್ತಲಿಲ್ಲ. ಲಾರಿ ಕಂಡೊಡನೆ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಕ್ಯಾಂಪಿನ ಲಾರಿಗಳು ಅದಕ್ಕೆ ನೆನಪಿದ್ದಿರಬೇಕು. ಗೌಸ್‌ಸಾಬ್ ಎಳೆದ, ಕ್ಲೀನರ್ ನೂಕಿದ, ಆಗಲಿಲ್ಲ. ಆಗ ನಾನು ಏನು ಮಾಡಿದೆನೆಂದರೆ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹಣಿಗೆ ತೆಗೆದೆ. ನಾನೇ ಮೊದಲು ಲಾರಿ ಹತ್ತಿ ಭತ್ತದ ಮೂಟೆಯ ಮೇಲೆ ಕೂತು, ಹಣಿಗೆ ತೋರಿಸಿ, “ಬಾರಪ್ಪಾ ಅರಳ್ಯಾ, ಬಾ” ಎಂದೆ. ಅದರ ಬಾಲ ಅಲ್ಲಾಡಿತು. ಒಂದೇ ನೆಗೆತಕ್ಕೆ ಮೇಲೆ ಬಂದು ನನ್ನ ಮೊಣಕಾಲಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿತು. ನಾನು ಎರಡು ಸಲ ಬಾಚಿ, ಹಗ್ಗವನ್ನು ಸರಳಿಗೆ ಬಿಗಿದು, ಇಳಿದುಬಿಟ್ಟೆ. ಲಾರಿ ಹೊರಡುವವರೆಗೂ ಅದು ನಾನು ಮತ್ತೆ ಹತ್ತುತ್ತೇನೆಂದೇ ನೋಡುತ್ತಿತ್ತು.

ಅದು ಹೋದ ಮೇಲೂ ಅದರ ಕೂದಲು ಹೋಗಲಿಲ್ಲ. ಗೋಡೆಯ ಬಿರುಕಿನಲ್ಲಿ, ಸೀರೆಯ ಮಡಿಕೆಯಲ್ಲಿ, ಉಪ್ಪಿನ ಗಡಿಗೆಯಲ್ಲಿ, ತಿಂಗಳುಗಟ್ಟಲೆ ಒಂದೊಂದೇ ಎಳೆ ಸಿಗುತ್ತಿತ್ತು. ಮೊದಲಾದರೆ ಬೈಯುತ್ತಿದ್ದೆ. ಈಗ ಗಂಡ ನೋಡದಂತೆ ತೆಗೆದು ಹೊರಗೆ ಬಿಡುತ್ತಿದ್ದೆ. ಅವನು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದ. ಊಟಕ್ಕೆ ನೀಡು, ನೂಲು ಕೊಡು, ದೀಪ ಹಚ್ಚು. ಜನ ಮತ್ತೆ ಕಂಬಳಿ ಕೊಳ್ಳತೊಡಗಿದರು, ನನ್ನ ನೂಲನ್ನು ಮತ್ತೆ ಹೊಗಳಿದರು. ಹೊಗಳಿದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತಿತ್ತು.

ಮರುವರ್ಷ ಬಸ್ಸಮ್ಮ ತವರಿಗೆ ಬಂದು ಹೆಣ್ಣು ಹೆತ್ತಳು. ತೊಟ್ಟಿಲು ಹಾಕುವ ದಿನ ನಾವಿಬ್ಬರೂ ಬಳಗಾನೂರಿಗೆ ಹೋದೆವು. ತಿಮ್ಮವ್ವನೂ ಬಂದಿದ್ದಳು. ಹೆಂಗಸರು ಹಾಡಿನಲ್ಲಿದ್ದಾಗ ನನ್ನನ್ನು ಹಿತ್ತಲಿಗೆ ಕರೆದು, ಸೆರಗಿನ ಗಂಟು ಬಿಚ್ಚಿ, ನಿಂಬೆಹಣ್ಣಿನಷ್ಟು ದೊಡ್ಡ ಬಿಳಿ ನೂಲಿನ ಉಂಡೆಯೊಂದನ್ನು ಕೈಯಲ್ಲಿಟ್ಟಳು. ಮುಟ್ಟಿದ ಕೂಡಲೇ ನನಗೆ ಗೊತ್ತಾಯಿತು.

“ಆ ಅಂಚು ಬಿಚ್ಚಿದೆ” ಎಂದಳು. “ಕರಿ ಅಂಚು ಹಾಕೇನಿ. ಆದೆಮ್ಮಾ, ಹಾರಿ ಬಂದ ಕೂದಲು ಮ್ಯಾಲೆ ಕುಂದರತೈತಿ, ಜಾಡಿಸಿದರ ಉದರತೈತಿ. ಇದು ಹುರಿಯೊಳಗ ಐತಿ. ಯಾರರ ಕುಂತು ನೂತರ ಮಾತ್ರ ಹುರಿಯೊಳಗ ಹೋಗತೈತಿ.”

ನಾನು ಉಂಡೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

“ಅವತ್ತೇ ಗೊತ್ತಾತು ನನಗ. ಹೇಳಿದ್ದರ ಆ ಹುಡುಗಿ ಮದುವಿ ಅಲ್ಲೇ ನಿಲ್ತಿತ್ತು. ನಿನ್ನ ಗಂಡ ಪಟಗ ಇಟ್ಟಾಗರ ನೀ ಬಾಯಿ ಬಿಡತಿ ಅಂತ ನಿನ್ನ ಮಾರಿ ನೋಡಿದೆ.” ಹೊರಟವಳು ತಿರುಗಿ ನಿಂತು ಇನ್ನೊಂದು ಮಾತು ಹೇಳಿದಳು. “ನಿನ್ನ ನಾಯಿ ಮಸ್ಕ್ಯಾಗ ಐತಿ. ಬಸ್‌ಸ್ಟ್ಯಾಂಡ್ ಬಾಜು, ಪಂಚರ್ ಅಂಗಡ್ಯಾಗ. ಮುಟ್ಟಿ ನೋಡೀನಿ, ಇದ ತುಪ್ಪಟ. ಮೈಯೆಲ್ಲಾ ಗಂಟು ಗಂಟು.”

ನಾನು ಉಂಡೆ ಹಿಡಿದು ಕಟ್ಟೆಯ ಮೇಲೆ ಕೂತಿದ್ದ ಗಂಡನ ಹತ್ತಿರ ಹೋದೆ. ಅವನು ಅದನ್ನು ನೋಡಿ ಇದೇನೆಂದು ಕೇಳಲಿಲ್ಲ.

“ನಿಮಗ ಗೊತ್ತಿತ್ತೇನ್ರಿ?”

“ಮೂವತ್ತು ವರ್ಷ ನೇದೀನಿ. ಎಳಿ ಹರಿದರ ತುಟಿಯಾಗ ಹಿಡಿದು ಹಚ್ಚತೀನಿ. ಗೊತ್ತಾಗದ ಇರತೈತೇನು?”

“ಮತ್ತ ಯಾಕ ಸುಮ್ಮನಿದ್ರಿ?”

“ನೀ ಹೇಳತಿ ಅಂತ. ಮನಿಗೆ ಬಂದ ಮ್ಯಾಲರ ಹೇಳತಿ ಅಂತ, ನಾಯಿನ ಲಾರಿಗೆ ಹತ್ತಿಸೋ ಮೊದಲರ ಹೇಳತಿ ಅಂತ” ಎಂದ ಅವನು, ನನ್ನ ಕಡೆ ನೋಡದೆ. “ಹತ್ತಿಸಿಬಿಟ್ಟಿ.”

ಸಿಟ್ಟು ಮಾಡಿದ್ದರೆ ನಾನೂ ತಿರುಗಿ ಮಾತಾಡುತ್ತಿದ್ದೆ, ಆ ವಿದ್ಯೆ ನನಗೆ ಗೊತ್ತು. ಅವನು ಸಿಟ್ಟು ಮಾಡಲಿಲ್ಲ. ನಾನು ಸೀದಾ ಒಳಗೆ ಹೋಗಿ, ತೊಟ್ಟಿಲ ಸುತ್ತ ಕೂತ ಹೆಂಗಸರ ಮುಂದೆ, ಬಾಗಿಲಲ್ಲಿ ಕೂತಿದ್ದ ಅಂಬಪ್ಪನ ಮುಂದೆ ಉಂಡೆ ಇಟ್ಟೆ. “ಮದುವಿ ಕಂಬಳ್ಯಾಗ ನಾಯಿ ಕೂದಲು ನೂತಾಕಿ ನಾನು. ಕೂದಲು ಹಾರಿ ಬಂದಿದ್ದಿಲ್ಲ. ಗಂಡಂದೂ ತಪ್ಪಿಲ್ಲ, ನಾಯೀದೂ ಇಲ್ಲ” ಎಂದೆ.

ಅವರು ಒಬ್ಬರನ್ನೊಬ್ಬರು ನೋಡಿದರು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. “ಅಯ್ಯ ನಿನ್ನ, ನಾಯಿನೂ ಬಿಡಲಿಲ್ಲಲ್ಲಬೇ ಆದೆಮ್ಮಾ!” ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಅಂಬಪ್ಪ ಗಂಟಲು ಸರಿಮಾಡಿಕೊಂಡು, ಐದು ತೆಂಗಿನಕಾಯಿ ದಂಡ, ಗ್ಯಾನಪ್ಪನಿಗೆ ಹೊಸ ಪಟಗ ಎಂದು ತೀರ್ಪು ಕೊಟ್ಟ. ಮುಗಿಯಿತು. ಒಂದು ವರ್ಷ ನನ್ನನ್ನು ಹಿಂಡಿದ ಮಾತು ಅವರಿಗೆ ಒಂದು ಮಧ್ಯಾಹ್ನದ ನಗೆ. ಇಷ್ಟಕ್ಕೇನು ನಾನು ಆ ನಾಯಿಯನ್ನು ಬಿಟ್ಟುಕೊಟ್ಟದ್ದು ಎಂದು ಹಿತ್ತಲಿಗೆ ಹೋಗಿ ಅತ್ತೆ.

ಮರುದಿನ ಮುಂಜಾನೆ ಮಸ್ಕಿಗೆ ಹೋದೆ, ಹಣಿಗೆ ಸೊಂಟದಲ್ಲಿತ್ತು. ಪಂಚರ್ ಅಂಗಡಿಯ ಮುಂದೆ ದೊಡ್ಡದೊಂದು ಹಳೆಯ ಟಯರು ಮಲಗಿತ್ತು, ಅದರೊಳಗೆ ಅರಳ್ಯಾ. ಒಂದು ವರ್ಷದ ತುಪ್ಪಟ ಉದುರಲಾರದೆ ಒಳಗೇ ಕಂಬಳಿಯಂತೆ ಗಟ್ಟಿಯಾಗಿತ್ತು. ಬೆನ್ನ ಮೇಲೆ ಜಡೆ, ಬಗಲಲ್ಲಿ ಗಂಟು, ಗಂಟಿನ ಕೆಳಗೆ ಕೆಂಪಗೆ ಹುಣ್ಣು. ಬಿಳಿ ಎಂಬುದು ಮೂಗಿನ ಪಕ್ಕದಲ್ಲಿ ಮಾತ್ರ ಉಳಿದಿತ್ತು.

“ಮುಟ್ಟಬ್ಯಾಡಮ್ಮಾ, ಸೀಕು ನಾಯಿ” ಎಂದ ಅಂಗಡಿಯ ಶೇಕ್ಷಾವಲಿ, ಟ್ಯೂಬಿಗೆ ಗಾಳಿ ಹೊಡೆಯುತ್ತ. “ಹ್ವಾದ ವರ್ಷ ಒಂದು ಲಾರಿ ಪಂಚರ್ ಆಗಿ ನಿಂತಿತ್ತು. ಹಗ್ಗ ಕಡದು ಜಿಗದು ಈ ಟಯರ್‌ನಾಗ ಬಂದು ಕುಂತಿತು. ಕಲ್ಲು ಒಗೀತಾರ ಮಂದಿ, ನಾ ಬಿಡಂಗಿಲ್ಲ. ಒಂದು ಬ್ರೆಡ್ಡು ಹಾಕತೀನಿ. ಯಾವ ಹರಾಮಖೋರ ಬಿಟ್ಟು ಹೋಗ್ಯಾನೋ, ಅವನ ಎದ್ಯಾಗ ಕಲ್ಲೈತಿ.”

ನನ್ನದೇ ಮಾತು ತಿರುಗಿ ಬಂದಿತ್ತು. ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ನನ್ನನ್ನು ನೋಡುತ್ತಿದ್ದರು.

“ಅವ ಅಲ್ಲಣ್ಣಾ” ಎಂದೆ. “ನಾನ. ನನ್ನ ನಾಯಿ ಇದು. ನಾನ ಲಾರಿಗೆ ಹತ್ತಿಸಿ ಕಳಿಸೀನಿ.”

ಇಲ್ಲಿ ಯಾರೂ ನಗಲಿಲ್ಲ. ಶೇಕ್ಷಾವಲಿ ಪಂಪು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ, ಮತ್ತೆ ಪಂಪು ಹೊಡೆಯತೊಡಗಿದ.

ನಾನು ಮಣ್ಣಿನಲ್ಲಿ ಕೂತು ಹಣಿಗೆ ತೆಗೆದೆ. ಅರಳ್ಯಾ ತಲೆ ಎತ್ತಿತು. ಬಹಳ ಹೊತ್ತು ಹಣಿಗೆಯನ್ನು ನೋಡಿತು. ಆಮೇಲೆ ಎದ್ದು ಬಂದು ನನ್ನ ಮೊಣಕಾಲಿಗೆ ಬೆನ್ನು ಕೊಟ್ಟು ಕೂತಿತು. ಗುನುಗಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಗಂಟುಗಳನ್ನು ಬೆರಳಿನಿಂದ ಬಿಡಿಸಿದೆ, ಬಿಡದಿದ್ದವನ್ನು ಕತ್ತರಿಸಿದೆ, ಹುಣ್ಣಿಗೆ ಅರಿಸಿನ ಹಚ್ಚಿದೆ. ಮಧ್ಯಾಹ್ನದವರೆಗೆ ಬಾಚಿದೆ. ತುಪ್ಪಟ ಹಾರಿ ಚಹಾದ ಗ್ಲಾಸುಗಳಿಗೆಲ್ಲ ಬಿತ್ತು, ಜನ ಬೈದರು, ಬೈಸಿಕೊಂಡೆ. ಕೆಳಗಿನಿಂದ ಮೆಲ್ಲಗೆ ಬಿಳಿ ಮೈ ಬಂತು.

ಗೌಸ್‌ಸಾಬನ ಲಾರಿ ತುರ್ವಿಹಾಳದ ಕಡೆ ತಿರುಗಿ ಹೋಗುವುದಿತ್ತು. ನಿಲ್ಲಿಸಿಕೊಂಡೆ. ಹತ್ತಿ ಕೂತು, ಹಣಿಗೆ ತೋರಿಸಿ, “ಬಾರಪ್ಪಾ ಅರಳ್ಯಾ, ಮನಿಗೆ ಹೋಗೂಣು ಬಾ” ಎಂದೆ.

ಅದು ಹಣಿಗೆಯನ್ನು ನೋಡಿತು, ಲಾರಿಯನ್ನು ನೋಡಿತು, ನನ್ನನ್ನು ನೋಡಿತು. ತಿರುಗಿ ಹೋಗಿ ಟಯರಿನೊಳಗೆ ಮಲಗಿ, ಮುಖ ಆ ಕಡೆ ಮಾಡಿಕೊಂಡಿತು. ನಾನು ಇಳಿದು ನಡೆಸಿಕೊಂಡು ಹೋಗಲು ನೋಡಿದೆ, ಬಸ್‌ಸ್ಟ್ಯಾಂಡಿನವರೆಗೂ ಬರಲಿಲ್ಲ. ಹಗ್ಗ ಹಾಕಿ ಎಳೆದಿದ್ದರೆ ಬರುತ್ತಿತ್ತೇನೋ. ಹಗ್ಗ ಮುಟ್ಟಲು ನನ್ನ ಕೈ ಬರಲಿಲ್ಲ.

ಹಣಿಗೆಯನ್ನು ಶೇಕ್ಷಾವಲಿಗೆ ಕೊಟ್ಟೆ. ಶಿವರಾತ್ರಿ ಕಳೆದ ಮೇಲೊಮ್ಮೆ, ದಸರೆ ಕಳೆದ ಮೇಲೊಮ್ಮೆ ತುಪ್ಪಟ ಬಿಡುತ್ತದೆ, ದಿನವೂ ಬಾಚಬೇಕು, ಮೇಲಿನ ಕೂದಲಿಗೆ ಕತ್ತರಿ ಹಾಕಬಾರದು ಎಂದು ಹೇಳಿಕೊಟ್ಟೆ. “ಬಾಚತೀನಿ ಬಿಡ್ರಿ” ಎಂದ ಅವನು. ಮೊದಲು ಅಮ್ಮಾ ಎಂದಿದ್ದವನು ಈಗ ಅನ್ನಲಿಲ್ಲ.

ಅಂದಿನಿಂದ ವರ್ಷಕ್ಕೆ ಎರಡು ಸಲ ನಾನು ಮಸ್ಕಿಗೆ ಹೋಗುತ್ತೇನೆ. ಎಲ್ಲಿಗೆ ಎಂದು ಗಂಡ ಕೇಳುವುದಿಲ್ಲ, ರೊಟ್ಟಿ ಕಟ್ಟಿಕೊಂಡೆಯಾ ಎಂದು ಮಾತ್ರ ಕೇಳುತ್ತಾನೆ. ಅರಳ್ಯಾ ಬೆನ್ನು ಕೊಟ್ಟು ಕೂಡುತ್ತದೆ, ನಾನು ಬಾಚುತ್ತೇನೆ. ಒಂದೆಳೆಯನ್ನೂ ಮನೆಗೆ ತರುವುದಿಲ್ಲ, ಅಲ್ಲಿಯ ಗುಬ್ಬಿಗಳಿಗೆ ಬಿಟ್ಟುಬಿಡುತ್ತೇನೆ. ಬಾಚಿ ಮುಗಿದ ಮೇಲೆ ನಾನು ಏಳುತ್ತೇನೆ, ಅದೂ ಏಳುತ್ತದೆ. ನಾನು ಬಸ್ಸಿನ ಕಡೆ ಹೋಗುತ್ತೇನೆ, ಅದು ಟಯರಿನ ಕಡೆ ಹೋಗುತ್ತದೆ.